ಅಂಬಣ್ಣ ಟೀಮಿನ ಸಂಗಡ ಹೋಗಿದ್ದಾನೆ

ಹೈದರಾಬಾದ್
೨೪ ಅಕ್ಟೋಬರ್ ೧೯೪೮

ಬಸವಂತ್ರಾಯಣ್ಣನಿಗೆ ಸಾಬಣ್ಣನ ಶರಣು.

ಟಪಾಲು ಮತ್ತೆ ಶುರುವಾಗಿದೆ ಎಂದು ನಿನ್ನೆ ಗೊತ್ತಾಯಿತು. ಐದು ವಾರದಿಂದ ಈ ಕಾಗದವನ್ನು ತಲೆಯಲ್ಲೇ ಬರೆಯುತ್ತಿದ್ದೆ. ದಯಮಾಡಿ ಇದನ್ನು ಮನೆಗೆ ಒಯ್ದು ಎಲ್ಲರ ಮುಂದೆ ಓದಬೇಡಿರಿ. ಮೊದಲು ನೀವೊಬ್ಬರೇ ಓದಿರಿ.

ನಿಮ್ಮ ತಮ್ಮ ಅಂಬಣ್ಣ ಸೆಪ್ಟೆಂಬರ್ ಹದಿನಾರಕ್ಕೆ ತೀರಿಕೊಂಡ.

ಆ ತಿಂಗಳ ಮೊದಲ ಐತವಾರ ನಮ್ಮ ಗಿರಣಿಯ ಟೀಮಿಗೆ ಆಟವಿತ್ತು. ಅಂಬಣ್ಣ ಎಂದಿನಂತೆ ಬರಿಗಾಲಲ್ಲಿ ಆಡಿದ. ಗ್ರೌಂಡಿನ ಒಂದು ಮೂಲೆಯಲ್ಲಿ ಲಾರಿ ನಿಲ್ಲಿಸುತ್ತಿದ್ದರು. ಅಲ್ಲಿ ತುಕ್ಕು ಹಿಡಿದ ಮೊಳೆ ಹಿಮ್ಮಡಿಗೆ ಹೊಕ್ಕಿತು. ಅವನೇ ಕಿತ್ತು ಒಗೆದು, ಮಣ್ಣು ಒತ್ತಿ, ಆಟ ಮುಗಿಸಿಯೇ ಬಂದ. ನನ್ನ ಹತ್ತಿರ ಬೂಟು ಇದ್ದವು. ಅವನ ಕಾಲಿಗೂ ಆಗುತ್ತಿದ್ದವು. ಎಷ್ಟು ಸಲ ಹೇಳಿದರೂ, "ಹಿಂದೂಸ್ತಾನದ ಟೀಮಿನವರು ಲಂಡನ್ನಿನಾಗ ಬರಿಗಾಲಾಗೇ ಆಡ್ಯಾರ. ನಾ ಏನ್ ಅವರಕಿಂತ ದೊಡ್ಡಾಂವ ಏನಲೇ?" ಎನ್ನುತ್ತಿದ್ದ. ಆ ಆಟದ ಸುದ್ದಿ ಬಂದಾಗಿನಿಂದ ಅವನಿಗೆ ಬೇರೆ ಮಾತೇ ಇರಲಿಲ್ಲ. ಫ್ರಾನ್ಸಿನವರ ಮುಂದೆ ನಮ್ಮವರು ಎರಡು ಪೆನಾಲ್ಟಿ ಬಿಟ್ಟು, ಒಂದೇ ಗೋಲಿನಿಂದ ಸೋತರಂತೆ. "ನಾ ಇದ್ರ ಒಂದರೆ ಹಾಕ್ತಿದ್ದೆ" ಎಂದು ದಿನಕ್ಕೊಮ್ಮೆ ಹೇಳುವನು.

ಎಂಟು ದಿನಕ್ಕೆ ಧನುರ್ವಾಯು ಕಾಣಿಸಿತು. ಸೋಮವಾರ ದವಡೆ ಬಿಗಿಯಿತು. ಅದೇ ಸೋಮವಾರ ಹಿಂದೂಸ್ತಾನದ ಫೌಜು ಗಡಿ ದಾಟಿತು. ಅಂಗಡಿ ಮುಚ್ಚಿದವು, ರೈಲು ನಿಂತವು. ಇಂಜೆಕ್ಷನ್ನಿಗಾಗಿ ನಾನು ಎಲ್ಲೆಲ್ಲಿ ತಿರುಗಿದೆ ಎಂದು ಬರೆದು ಏನು ಪ್ರಯೋಜನ? ಗುರುವಾರ ಮುಗಿಯಿತು. ನಾನೂ ಗಿರಣಿಯ ಮೂವರೂ ಮೂಸಿ ಹೊಳೆಯ ಆಚೆ ದಂಡೆಯಲ್ಲಿ ಮಣ್ಣು ಮಾಡಿದೆವು.

ದವಡೆ ಬಿಗಿಯುವ ಮೊದಲು ಅವನು ಹೇಳಿದ್ದು ಒಂದೇ ಮಾತು. ಅದನ್ನು ಹಾಗೇ ಬರೆಯುತ್ತೇನೆ. "ಅಯ್ಯಮ್ಮಗ ಕಾಯಬ್ಯಾಡ ಅಂತ ಹೇಳು. ಸಣ್ಣಾಕಿ ಇದ್ದಾಳ. ಉಡಿಕಿ ಆಗಿ ಮತ್ತೊಂದು ಮನಿ ನೋಡ್ಲಿ. ಇದನ್ನ ನಾನೇ ಹೇಳೀನಂತ ಹೇಳು." ಇದನ್ನು ಅವನ ಹೆಂಡತಿಗೆ ಮುಟ್ಟಿಸುವುದು ನಿಮ್ಮ ಕೆಲಸ.

ನಿಮ್ಮ ಮುಖ ನೋಡಲು ಧೈರ್ಯವಿಲ್ಲದ,
ಸಾಬಣ್ಣ


ಮುದನಾಳ
೧೦ ನವೆಂಬರ್ ೧೯೪೮

ತಮ್ಮ ಸಾಬಣ್ಣನಿಗೆ,

ನಿನ್ನ ಕಾಗದ ಯಾದಗಿರಿ ಠೇಶನ್ನಿನಲ್ಲಿ ನನ್ನ ಕೈಗೆ ಬಂತು. ಮಾಲು ಇಡುವ ಶೆಡ್ಡಿನ ಹಿಂದೆ ನಿಂತು ಓದಿದೆ. ಎರಡನೇ ಸಲ ಓದಲಿಲ್ಲ. ಮುಂಬೈ ಕಡೆಯ ಗಾಡಿ ಬರುವ ಹೊತ್ತಾಗಿತ್ತು. ಹೋಗಿ ಜನರ ಸಾಮಾನು ಇಳಿಸಿದೆ.

ಅವ್ವನನ್ನು ನೀನು ಬಲ್ಲೆ. ಆಷಾಢದಲ್ಲಿ ತಂಗಿ ಸುಗಲಮ್ಮ ಕಾಲರಾದಲ್ಲಿ ಹೋದಾಗ ಇಪ್ಪತ್ತು ದಿನ ಅನ್ನ ಮುಟ್ಟಿರಲಿಲ್ಲ. ಈಗಷ್ಟೇ ಎದ್ದು ಬಾಗಿಲಿಗೆ ಬಂದು ಕೂಡುತ್ತಿದ್ದಾಳೆ. ನಾನು ಊರು ಸೇರುವ ಮೊದಲೇ ಟಪಾಲಿನವನು ಹೈದರಾಬಾದಿನ ಕಾಗದ ಬಂದಿದೆ ಎಂದು ಸುದ್ದಿ ಮುಟ್ಟಿಸಿದ್ದ. ಹೊರಗಿನಿಂದ ಕಾಗದ ಬಂದರೆ ಮನೆಯ ಹಿರಿಯನು ನಿಂತು ಎಲ್ಲರಿಗೂ ಕೇಳುವಂತೆ ಓದಬೇಕೆಂಬುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಅವ್ವ ಕುಳಿತಿದ್ದಳು. ನನ್ನ ಹೆಂಡತಿ ಲಾಲಮ್ಮ ಇದ್ದಳು. ಒಲೆಯ ಹತ್ತಿರ ಅಯ್ಯಮ್ಮ ಇದ್ದಳು.

ನಾನು ಓದಿದೆ. ಕಾಗದದಲ್ಲಿ ಇದ್ದದ್ದನ್ನು ಓದಲಿಲ್ಲ.

"ಆರಾಮ ಇದ್ದಾನಿಲ್ಲೋ?" ಎಂದಳು ಅವ್ವ.

"ಆರಾಮ ಇದ್ದಾನ."

"ಮತ್ತ ಅಂವ ಯಾಕ ಬರದಿಲ್ಲ? ಅವನ ಗೆಳ್ಯಾ ಸಾಬಣ್ಣ ಯಾಕ ಬರದಾನ?"

"ಅಂವ ಊರಾಗಿಲ್ಲಬೇ. ಟೀಮಿನ ಸಂಗಡ ಹೋಗ್ಯಾನ."

"ಲಂಡನ್ನಿಗೇನು?"

ಶ್ರಾವಣದಲ್ಲಿ ಅಂಬಣ್ಣನೇ ಲಂಡನ್ನಿನ ಆಟದ ಬಗ್ಗೆ ಬರೆದಿದ್ದ. ಆ ಹೆಸರು ಅವಳ ಬಾಯಿಂದಲೇ ಬಂತು. ನಾನು ಹೂಂ ಎಂದೆ.

ಅವ್ವ ಎದ್ದು ಪಕ್ಕದ ಮನೆಯ ಗೊಲ್ಲಾಳಮ್ಮನನ್ನು ಕೂಗಿದಳು. "ಕೇಳಿದೇನಬೇ? ನನ್ನ ಮಗ ದೊರಿಗಳ ಊರಿಗೆ ಹೋಗ್ಯಾನ!" ಗೊಲ್ಲಾಳಮ್ಮ ಗೋಡೆಯ ಆಚೆಯಿಂದಲೇ, "ಅಲ್ಲೂ ಬರಿಗಾಲಾಗೇನು?" ಎಂದಳು. "ಹೂಂ, ಬರಿಗಾಲಾಗೇ! ನಿನ್ನ ಅಳಿಯನಂಗ ಚಪ್ಪಲಿ ಹುಡುಕ್ಕೋಂತ ಕೂಡೂದಿಲ್ಲ." ನಾಲ್ಕು ತಿಂಗಳ ಮೇಲೆ ಅವ್ವ ನಕ್ಕದ್ದು ಅದೇ ಮೊದಲು.

ಅಯ್ಯಮ್ಮ ಭಾವನಾದ ನನ್ನ ಎದುರು ಮಾತಾಡುವವಳಲ್ಲ. ಲಾಲಮ್ಮನ ಕಿವಿಯಲ್ಲಿ, "ಅಕ್ಕಾ, ಯಾವಾಗ ಬರ್ತಾರಂತ ಕೇಳು" ಎಂದಳು. ನನಗೆ ಕೇಳಿಸಿತು. ಕೇಳಿಸದವನಂತೆ ಹೊರಗೆ ಹೋದೆ.

ಅವ್ವ ಸ್ವಲ್ಪ ಗಟ್ಟಿಯಾಗುವ ತನಕ ಸುಮ್ಮನಿರು. ಆಮೇಲೆ ನಾನೇ ಹೇಳುತ್ತೇನೆ.

ಬಸವಂತ್ರಾಯ


ಹೈದರಾಬಾದ್
೨ ಜನವರಿ ೧೯೪೯

ಬಸವಂತ್ರಾಯಣ್ಣನಿಗೆ,

ನೀವು ಮಾಡಿದ್ದು ಸರಿಯಲ್ಲ. ಅವ್ವನಿಗಾಗಿ ಮಾಡಿದಿರಿ ಎಂದು ಒಪ್ಪುತ್ತೇನೆ. ಆದರೆ ಅವನು ಕೊನೆಗೆ ನೆನೆಸಿದ್ದು ಅವ್ವನನ್ನಲ್ಲ, ಅಯ್ಯಮ್ಮ ವೈನಿಯನ್ನು. ಅವಳಿಗೆ ಆ ಮಾತು ಇನ್ನೂ ಮುಟ್ಟಿಲ್ಲ.

ಲಂಡನ್ನಿಗೆ ಹೋದ ಟೀಮು ಮೊದಲ ಆಟದಲ್ಲೇ ಸೋತು ಯಾವತ್ತೋ ಊರಿಗೆ ತಿರುಗಿದೆ. ಹಡಗು ತಡವಾಯಿತೆಂದು ಎಷ್ಟು ದಿನ ಹೇಳುತ್ತೀರಿ? ಈ ಶಿವರಾತ್ರಿಯೊಳಗೆ ಹೇಳಿಬಿಡಿರಿ. ಹೇಳುವುದು ಆಗದಿದ್ದರೆ ನಾನೇ ಬರುತ್ತೇನೆ.

ಸಾಬಣ್ಣ


ಮುದನಾಳ
೬ ಮೇ ೧೯೫೦

ತಮ್ಮ ಸಾಬಣ್ಣನಿಗೆ,

ನೀನು ಬರುತ್ತೇನೆ ಎಂದಾಗಲೆಲ್ಲ ಬೇಡ ಎಂದು ಬರೆದೆ. ನೀನೂ ಬರಲಿಲ್ಲ. ಈಗ ನಾನು ಹಿಂದೆ ತಿರುಗಲಾಗದ ಕಡೆ ಬಂದು ನಿಂತಿದ್ದೇನೆ.

ಠೇಶನ್ನಿನಲ್ಲಿ ಪ್ರಯಾಣಿಕರು ಬಿಟ್ಟು ಹೋದ ಉರ್ದು ಪೇಪರುಗಳನ್ನು ತಂದು, ಫುಟ್‌ಬಾಲಿನ ಸುದ್ದಿ ಇದ್ದರೆ ಅವ್ವನಿಗೆ ಓದುತ್ತೇನೆ. ಎಲ್ಲಿ ಆಟವೋ ಅಲ್ಲಿ ಅಂಬಣ್ಣ ಇರುತ್ತಾನೆ. ಬ್ರೆಜಿಲ್ ಎಂಬ ದೇಶದಲ್ಲಿ ಇಡೀ ಜಗತ್ತಿನ ಕಪ್ಪಿಗೆ ಆಟವಿದೆ, ನಮ್ಮ ಟೀಮಿಗೂ ಕರೆ ಬಂದಿದೆ ಎಂದು ಓದಿದೆ. ಹಡಗಿನಲ್ಲಿ ಹೋಗಿಬರಲು ತಿಂಗಳುಗಟ್ಟಲೆ ಬೇಕಂತೆ. ನನಗೆ ಅದು ಒಳ್ಳೆಯದೆನಿಸಿತು.

ಹೋದ ವಾರ ಸುರಪುರದಿಂದ ಅಯ್ಯಮ್ಮನ ಅಣ್ಣ ಬಂದ. ಶಹಾಪುರದಲ್ಲಿ ಕಲ್ಲು ಒಡೆಯುವ ದೇವಿಂದ್ರ ಎಂಬುವನ ಹೆಂಡತಿ ತೀರಿದ್ದಾಳೆ. ಒಳ್ಳೆಯ ಮನುಷ್ಯ. ಅಯ್ಯಮ್ಮನಿಗೆ ಸೀರೆ ಉಡಿಸಿ ಉಡಿಕಿ ಮಾಡಿಕೊಳ್ಳಲು ಕೇಳಿದ್ದಾನೆ. ಕುಲದ ಹಿರಿಯರ ಪಂಚಾಯಿತಿ, ನಮ್ಮ ದೈವ, ಕೂಡಿತು. ಗಂಡ ಸತ್ತಿದ್ದರೆ ಉಡಿಕಿ ಆಗಬಹುದು, ಇದ್ದರೆ ಅವನೇ ಬಿಟ್ಟೆನೆಂದು ಹೇಳಬೇಕು, ಇದು ನಮ್ಮಲ್ಲಿಯ ಕಟ್ಟಳೆ. ಕಂಬಳಿ ಹಾಸಿ, ಆಣೆ ಮಾಡಲು ವೀಳ್ಯದೆಲೆ ಇಟ್ಟರು.

"ಎಲಿ ಮುಟ್ಟಿ ಹೇಳಪಾ ಬಸವಂತ್ರಾಯ. ನಿನ್ನ ತಮ್ಮ ಇದ್ದಾನೋ ಇಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೆಂಗಸರ ನಡುವಿನಿಂದ ಎದ್ದಳು. "ಇದೆಂಥಾ ಮಾತು ಕೇಳ್ತೀರ್ಯೋ ಹಿರಿಯರಾ? ನನ್ನ ಮಗ ಬ್ರೆಜಿಲ್ಲಿಗೆ ಹೊಂಟಾನ! ನಿಮ್ಮೊಳಗ ಒಬ್ಬರರೆ ರಾಯಚೂರು ದಾಟೀರೇನು?"

ಎಲ್ಲರೂ ನಕ್ಕರು. ಅಷ್ಟು ಜನ ನಗುತ್ತಿರುವಾಗ ನಾನು ಎಲೆ ಮುಟ್ಟಿದೆ. ಇದ್ದಾನೆ ಎಂದೆ.

ಈಗ ಒಂದೇ ದಾರಿ ಕಾಣುತ್ತದೆ. ಅಂಬಣ್ಣನ ಅಕ್ಷರ ನಿನಗೆ ಗೊತ್ತು. ಅವನ ಹೆಸರಿನಲ್ಲಿ ಒಂದು ಬಿಡುಗಡೆಯ ಕಾಗದ ಬರೆ. ಅಯ್ಯಮ್ಮ ಶಹಾಪುರಕ್ಕೆ ಹೋಗಲಿ. ಅವ್ವನಿಗೆ ಮಗ ಉಳಿಯಲಿ. ಅಂಬಣ್ಣ ಬಯಸಿದ್ದೂ ಅದನ್ನೇ ಅಲ್ಲವೇ?

ಬಸವಂತ್ರಾಯ


ಹೈದರಾಬಾದ್
೩೦ ಜೂನ್ ೧೯೫೦

ಬಸವಂತ್ರಾಯಣ್ಣನಿಗೆ,

ಬ್ರೆಜಿಲ್ಲಿನಲ್ಲಿ ಆಟ ಶುರುವಾಗಿದೆ. ನಮ್ಮ ಟೀಮು ಹೋಗಿಲ್ಲ. ದೂರ, ಖರ್ಚು, ತಯಾರಿಗೆ ಹೊತ್ತಿಲ್ಲ ಎಂದು ಪೇಪರಿನಲ್ಲಿ ಒಂದೊಂದು ದಿನ ಒಂದೊಂದು ಕಾರಣ. ಬರಿಗಾಲಲ್ಲಿ ಆಡಲು ಬಿಡುವುದಿಲ್ಲ ಎಂದರಂತೆ ಎಂದು ಗಿರಣಿಯಲ್ಲಿ ಮಾತಾಡುತ್ತಾರೆ. ಯಾವುದು ನಿಜವೋ ನಾನರಿಯೆ. ಟೀಮೇ ಹೋಗದ ಊರಿಗೆ ನೀವು ತಮ್ಮನನ್ನು ಕಳಿಸಿದ್ದೀರಿ.

ಸತ್ತವನ ಹೆಸರಿನಲ್ಲಿ ನಾನು ಕಾಗದ ಬರೆಯುವುದಿಲ್ಲ. ಮತ್ತೆ ಕೇಳಬೇಡಿರಿ.

ಸಾಬಣ್ಣ


ಹೈದರಾಬಾದ್
೧೨ ಅಕ್ಟೋಬರ್ ೧೯೫೦

ಬಸವಂತ್ರಾಯಣ್ಣ,

ಮೂರು ಸಲ ಬರೆದಿರಿ. ದೇವಿಂದ್ರ ಯುಗಾದಿಯ ತನಕ ಮಾತ್ರ ಕಾಯುತ್ತಾನೆ ಎಂದಿರಿ. ವೈನಿಯ ದಾರಿ ಬಿಡಿಸಲು ಎಂದು ನನಗೆ ನಾನೇ ಹೇಳಿಕೊಂಡು ಬರೆದಿದ್ದೇನೆ. ಇದರ ಸಂಗಡ ಇಟ್ಟಿದ್ದೇನೆ. ಈ ಚೀಟಿ ಸುಟ್ಟುಬಿಡಿರಿ.

ಸಾ.


ಹೈದರಾಬಾದ್
೧೨ ಅಕ್ಟೋಬರ್ ೧೯೫೦

ಅವ್ವನಿಗೂ ಅಣ್ಣನಿಗೂ ಅಂಬಣ್ಣನ ಶರಣು.

ನಾನು ಆರಾಮವಾಗಿದ್ದೇನೆ. ಟೀಮಿನ ಕೆಲಸದಲ್ಲಿ ಊರಿಗೆ ಬರುವುದು ಆಗುವುದಿಲ್ಲ. ಇನ್ನೆಷ್ಟು ವರ್ಷವೋ ಗೊತ್ತಿಲ್ಲ. ಅಯ್ಯಮ್ಮ ನನಗಾಗಿ ಕಾಯುವುದು ಬೇಡ. ನಾನು ಸ್ವಂತ ಮನಸ್ಸಿನಿಂದ ಅವಳನ್ನು ಬಿಟ್ಟಿದ್ದೇನೆ. ದೈವದವರು ಉಡಿಕಿ ಮಾಡಿಸಲಿ. ನನ್ನ ತಕರಾರು ಇಲ್ಲ.

ಅಂಬಣ್ಣ


ಮುದನಾಳ
೩ ಡಿಸೆಂಬರ್ ೧೯೫೦

ತಮ್ಮ ಸಾಬಣ್ಣನಿಗೆ,

ಕಾಗದವನ್ನು ನಿಂತು ಓದಿದೆ. ಈ ಸಲ ಇದ್ದದ್ದನ್ನೇ ಓದಿದೆ.

ಅವ್ವ ಕೇಳಿ ಕೆಂಡವಾದಳು. "ದೊಡ್ಡಾಂವ ಆಗ್ಯಾನ, ಇಂಥಾಕಿನ್ನ ಬಿಡ್ತಾನ!" ಎಂದು ಮಗನನ್ನು ಬೈದಳು. ಬೈಯುವಾಗಲೂ ಅವಳ ದನಿ ಗಟ್ಟಿಯಾಗಿತ್ತು. ಮಗ ಇದ್ದಾನಲ್ಲ.

ಅಯ್ಯಮ್ಮ ಕುಟ್ಟುತ್ತಿದ್ದ ಒನಕೆ ಇಳಿಸಿ ಲಾಲಮ್ಮನಿಗೆ ಹೇಳಿದಳು, ಆದರೆ ನನಗೆ ಕೇಳಲೆಂದೇ. "ಅಕ್ಕಾ, ಭಾವಗ ಹೇಳು. ಕಟಗೊಂಡಾಗ ಎದುರು ನಿಂತು ಕಟಗೊಂಡಾನ. ಬಿಡೂದಿದ್ರ ಎದುರು ನಿಂತು ಬಿಡ್ಲಿ. ನಾ ಏನ್ ಕೆಟ್ಟದ್ದು ಮಾಡೀನಿ, ಒಂದು ಮಾತು ಹೇಳ್ಲಿ. ಅಲ್ಲೀತನಕ ನಾ ಯಾರ ಸೀರೀನೂ ಉಡಂಗಿಲ್ಲ."

ದೈವದವರು ಕಾಗದ ಸಾಕು ಎಂದರು. ಅವಳು ಸಾಲದು ಎಂದಳು. ದೇವಿಂದ್ರನಿಗೆ ಹೇಳಿ ಕಳಿಸಿದ್ದಾಯಿತು. ಅವನು ಬೇರೆ ಕಡೆ ನೋಡುತ್ತಿದ್ದಾನೆ.

ಅವಳು ಈಗ ಊಟ ಮಾಡುತ್ತಾಳೆ, ಕೆಲಸ ಮಾಡುತ್ತಾಳೆ. ಕನ್ನಡಿ ನೋಡುವುದನ್ನು ಬಿಟ್ಟಿದ್ದಾಳೆ ಎಂದು ಲಾಲಮ್ಮ ಹೇಳಿದಳು. ಮೊದಲಾದರೆ ಅವಳು ಕಾಯುತ್ತಿದ್ದಳು ಅಷ್ಟೇ.

ಬಸವಂತ್ರಾಯ


ಹೈದರಾಬಾದ್
೧೯ ಮಾರ್ಚ್ ೧೯೫೧

ಬಸವಂತ್ರಾಯಣ್ಣನಿಗೆ,

ವೈನಿಯನ್ನು ಹುಡುಕಬೇಡಿರಿ. ಇಲ್ಲಿದ್ದಾಳೆ. ಎಲ್ಲವೂ ಗೊತ್ತಾಗಿದೆ.

ದಿಲ್ಲಿಯಲ್ಲಿ ನಡೆದ ಏಷ್ಯಾದವರ ಆಟದಲ್ಲಿ ನಮ್ಮ ಟೀಮು ಇರಾನಿನವರನ್ನು ಒಂದು ಗೋಲಿನಿಂದ ಗೆದ್ದ ಸುದ್ದಿಯನ್ನು ನೀವು ಅವ್ವನಿಗೆ ಓದಿದಿರಂತೆ. ಅವ್ವ ಓಣಿಗೆಲ್ಲ ಬೆಲ್ಲ ಹಂಚಿದಳಂತೆ. ಹೈದರಾಬಾದಿನ ಆಟಗಾರರಿಗೆ ನಾಂಪಲ್ಲಿ ಠೇಶನ್ನಿನಲ್ಲಿ ಹಾರ ಹಾಕುತ್ತಾರೆ ಎಂದೂ ಹೇಳಿದಿರಂತೆ. ಅದು ಪೇಪರಿನಲ್ಲಿತ್ತೋ ನೀವು ಸೇರಿಸಿದ್ದೋ? ಅವಳು ಮರುದಿನವೇ ಯಾದಗಿರಿಗೆ ನಡೆದು, ನೀವು ಕಳಿಸಿದಿರೆಂದು ನಿಮ್ಮ ಜೊತೆಯವರಿಗೆ ಹೇಳಿ ಟಿಕೀಟು ತೆಗೆಸಿಕೊಂಡು ಬಂದಿದ್ದಾಳೆ. ನಾಂಪಲ್ಲಿಯಲ್ಲಿ ಎರಡು ದಿನ ಕುಳಿತಿದ್ದಾಳೆ.

ನಾನು ಗಿರಣಿಯವರ ಸಂಗಡ ಆಟಗಾರರನ್ನು ನೋಡಲು ಹೋಗಿದ್ದೆ. ಗಾಡಿ ಬಂತು, ಬ್ಯಾಂಡು ಬಾರಿಸಿದರು. ಆ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸು ರೊಟ್ಟಿಯ ಗಂಟು ಎದೆಗೆ ಹಿಡಿದು, ಇಳಿಯುವವರ ಮುಖ ಬಿಟ್ಟು ಕಾಲು ನೋಡುತ್ತಿದ್ದಳು. ಎಲ್ಲರ ಕಾಲಲ್ಲೂ ಬೂಟು, ಚಪ್ಪಲಿ. ನಮ್ಮ ಗಿರಣಿಯ ರಾಯಚೂರಿನವನೊಬ್ಬ ಚೇಷ್ಟೆಗೆ, "ಯಾರ್ನ ಹುಡುಕಾಕತ್ತೀಬೇ? ನಿನ್ನ ಗಂಡನೂ ದಿಲ್ಲಿ ಗೆದ್ದು ಬಂದಾನೇನು?" ಎಂದ.

"ಹೌದ್ರಿ. ಇನ್ನಾ ಇಳದಿಲ್ಲ" ಎಂದಳು.

ಸುತ್ತಲಿದ್ದವರು ನಕ್ಕರು. ಆಗ ನಾನು ಮುಖ ನೋಡಿದೆ. ಗಾಡಿ ಖಾಲಿಯಾಗುವ ತನಕ ಅವಳನ್ನು ಅಲ್ಲಿಂದ ಕದಲಿಸಲು ಆಗಲಿಲ್ಲ.

ಬೆಂಚಿನ ಮೇಲೆ ಕೂಡಿಸಿ ಎಲ್ಲ ಹೇಳಿದೆ. ಮೊಳೆ, ಗುರುವಾರ, ನಿಮ್ಮ ಮಾತು, ನನ್ನ ಕೈಯಿಂದ ಬರೆದ ಕಾಗದ. ಅವನು ಕೊನೆಗೆ ಆಡಿದ್ದನ್ನು ಮೂರು ಸಲ ಹೇಳಿಸಿದಳು. ಆಮೇಲೆ ಅಂದಳು, "ಅಂವ ಸತ್ತಾನಂತ ಅಳಲ್ಯೋ, ನನ್ನ ಬಿಟ್ಟಿಲ್ಲಂತ ನಗಲ್ಯೋ, ನೀನೇ ಹೇಳು ಸಾಬಣ್ಣ."

ಮೂಸಿಯ ದಂಡೆಗೆ ಕರೆದೊಯ್ದೆ. ಎರಡು ಮಳೆಗಾಲ ಕಳೆದಿವೆ, ಮಣ್ಣು ಕೂತಿದೆ. ಇದೇ ಜಾಗ ಎಂದು ತೋರಿಸಿದೆ. "ಗಟ್ಟಿ ಗೊತ್ತೇನು?" ಎಂದಳು. ಗೊತ್ತು ಎಂದೆ. ನಮ್ಮ ಕಡೆಯ ಹೆಂಗಸರು ಯಾರೂ ಇರಲಿಲ್ಲ. ನನ್ನ ಮನೆಯ ಒಡತಿ ಜೈತುನಬೀ ಪಕ್ಕದಲ್ಲಿ ನಿಂತಿದ್ದರು. ಅವಳು ತಾನೇ ಕಲ್ಲು ತೆಗೆದುಕೊಂಡು ಬಳೆ ಒಡೆದುಕೊಂಡಳು.

ಮುದನಾಳಕ್ಕೆ ಬರುವುದಿಲ್ಲವಂ­ತೆ. ಜೈತುನಬೀ ತಮ್ಮ ಮುಂದಿನ ಖೋಲಿ ಬಿಟ್ಟುಕೊಟ್ಟಿದ್ದಾರೆ. ನನ್ನ ಸಂಗಡ ಮಾತಾಡುವುದನ್ನು ನಿಲ್ಲಿಸಿದ್ದಾಳೆ.

ಸಾಬಣ್ಣ


ಮುದನಾಳ
೧೦ ಮೇ ೧೯೫೧

ಅಯ್ಯಮ್ಮನಿಗೆ,

ನಿನಗೆ ಕಾಗದ ಬರೆಯುವುದು ಇದೇ ಮೊದಲು. ಏನೆಂದು ಶುರು ಮಾಡಬೇಕೋ ತಿಳಿಯದೆ ನಾಲ್ಕು ಹಾಳೆ ಹರಿದೆ. ತಪ್ಪು ನನ್ನದು. ಸಾಬಣ್ಣನದಲ್ಲ.

ಅವ್ವ ನೀನು ಗಂಡನ ಹತ್ತಿರ ಹೋಗಿದ್ದೀ ಎಂದು ತಿಳಿದಿದ್ದಾಳೆ. "ಎದುರು ನಿಂತು ಕೇಳ್ತೀನಂದಾಕಿ, ಹೋಗಿ ಕೇಳಿ ಗೆದ್ದಾಳ" ಎಂದು ಗೊಲ್ಲಾಳಮ್ಮನ ಮುಂದೆ ಹೇಳಿಕೊಂಡು ತಿರುಗುತ್ತಾಳೆ. ಅವಳಿಗೆ ಹಾಗೆ ಹೇಳಿದವನು ನಾನಲ್ಲ. ಅವಳೇ ಹೇಳಿದಳು, ನಾನು ಅಲ್ಲವೆನ್ನಲಿಲ್ಲ.

ನೀನು ಮನೆಗೆ ಬಂದರೆ ನಿನಗೆ ಯಾರೂ ಏನೂ ಅನ್ನದಂತೆ ನೋಡಿಕೊಳ್ಳುತ್ತೇನೆ. ಅವ್ವನಿಗೆ ಮಾತ್ರ ಹೇಳಬೇಡ.

ಬಸವಂತ್ರಾಯ


ಹೈದರಾಬಾದ್
೧ ಫೆಬ್ರುವರಿ ೧೯೫೨

ಭಾವನವರಿಗೆ ಅಯ್ಯಮ್ಮ ಬರೆಸಿದ್ದು.

ಇದನ್ನು ಸಾಬಣ್ಣನ ಕೈಯಿಂದ ಬರೆಸಿಲ್ಲ. ನಾನು ಕೆಲಸ ಮಾಡುವ ಗಿರಣಿಯಲ್ಲಿ ಕನ್ನಡ ಬಲ್ಲ ಗುಮಾಸ್ತರೊಬ್ಬರಿದ್ದಾರೆ. ಅವರು ಬರೆದಿದ್ದಾರೆ.

ನಿಮ್ಮ ಎದುರು ಮಾತಾಡಿದವಳಲ್ಲ. ಈಗ ಮಾತಾಡುತ್ತೇನೆ, ಸಿಟ್ಟಾಗಬೇಡಿರಿ. ಸಿಟ್ಟಾದರೂ ಓದಿರಿ.

ದೀಪಾವಳಿಗೆ ಸುರಪುರಕ್ಕೆ ಹೋಗಿದ್ದೆ. ಅಣ್ಣ ಒಳಗೆ ಕರೆಯಲಿಲ್ಲ. ನಾನು ಬಳೆ ಇಲ್ಲದೆ ನಿಂತಿದ್ದೆ. "ಗಂಡ ಇದ್ದಾಗೇ ಬಳಿ ಒಡಕೊಂಡಾಕಿ. ಗಿರಣ್ಯಾಗ ಯಾರ ಹಿಂದ ಹೋಗೀದಿ?" ಎಂದ. ಸತ್ತಿದ್ದಾನೆ ಎಂದೆ. "ನಿನ್ನ ಭಾವ ಎಲಿ ಮುಟ್ಟಿ ಇದ್ದಾನಂತ ಹೇಳ್ಯಾನ. ನಿನ್ನ ಮಾತ ನಂಬಲೋ, ದೈವದ ಎಲಿ ನಂಬಲೋ?" ಎಂದ. ಅತ್ತಿಗೆ ಹೊರಗೆ ನೀರು ತಂದು ಕೊಟ್ಟಳು. ಕುಡಿದು ಬಂದೆ.

ಶಹಾಪುರದವರು ಮದುವೆಯಾದರಂತೆ. ಆಗಲಿ. ನನಗೆ ಈಗ ಉಡಿಕಿ ಬೇಕೆಂದು ಬರೆಸುತ್ತಿಲ್ಲ. ನಾನು ಗಂಡ ಇರುವಾಗ ಓಡಿ ಬಂದವಳಲ್ಲ. ನನ್ನ ಗಂಡ ನನ್ನನ್ನು ಬಿಟ್ಟವನೂ ಅಲ್ಲ. ಈ ಎರಡು ಮಾತನ್ನು ನೀವು ಅದೇ ದೈವದ ಮುಂದೆ, ಅದೇ ಕಂಬಳಿಯ ಮೇಲೆ ಎಲೆ ಮುಟ್ಟಿ ಹೇಳಬೇಕು. ನನ್ನ ಕಿವಿಯಲ್ಲಿ ಹೇಳಿದರೆ ನನಗೆ ಬೇಕಾಗಿಲ್ಲ.

ಅತ್ತೆಗೆ ಗೊತ್ತಾಗುತ್ತದೆ ಎಂದು ನೀವು ಅನ್ನುತ್ತೀರಿ. ಆಗುತ್ತದೆ. ಅವರಿಗೆ ಮಗ ಎಷ್ಟೋ ನನಗೆ ಗಂಡ ಅಷ್ಟೇ ಇದ್ದ.

ಅಯ್ಯಮ್ಮ


ಮುದನಾಳ
೫ ಆಗಸ್ಟ್ ೧೯೫೨

ತಮ್ಮ ಸಾಬಣ್ಣನಿಗೆ,

ಅಯ್ಯಮ್ಮನ ಕಾಗದ ಬಂದು ಆರು ತಿಂಗಳಾಯಿತು. ಉತ್ತರ ಬರೆದಿಲ್ಲ. ದಿನಾ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಠೇಶನ್ನಿಗೆ ಹೋಗಿ ಬರುತ್ತೇನೆ.

ಹೆಲ್ಸಿಂಕಿಯ ಒಲಿಂಪಿಕ್ ಆಟದಲ್ಲಿ ಯುಗೋಸ್ಲಾವಿಯಾದವರು ನಮ್ಮ ಟೀಮಿಗೆ ಹತ್ತು ಗೋಲು ಹಾಕಿದರು. ನಾನು ಆ ಪೇಪರು ಮನೆಗೆ ತರಲಿಲ್ಲ. ಆದರೆ ಗೊಲ್ಲಾಳಮ್ಮನ ಅಳಿಯನಿಗೆ ಯಾದಗಿರಿಯ ಬಜಾರದಲ್ಲಿ ಗೊತ್ತಾಗಿತ್ತು. ಅವಳು ಗೋಡೆಯ ಆಚೆಯಿಂದ ಕೂಗಿದಳು, "ಮಲ್ಲಾಬಾಯಿ, ನಿನ್ನ ಮಗಗ ಹತ್ತು ಗೋಲ ಹಾಕ್ಯಾರಂತಬೇ!"

"ನಮ್ಮವರು ಎಷ್ಟು ಹಾಕ್ಯಾರ?" ಎಂದು ಅವ್ವ ನನ್ನನ್ನು ಕೇಳಿದಳು.

"ಒಂದು."

"ಒಂದು ಹಾಕ್ಯಾರಂತಬೇ ಗೊಲ್ಲಾಳಮ್ಮ! ನಿನ್ನ ಅಳಿಯ ಒಂದರೆ ಹಾಕಿ ಬರ್ಲಿ!"

ಒಳಗೆ ಬಂದು ನನ್ನ ಹತ್ತಿರ ಕುಳಿತಳು. ಅಲ್ಲಿ ಬಹಳ ಚಳಿಯೇನೋ ಎಂದಳು. ಹೌದು ಎಂದೆ. ಬರಿಗಾಲಲ್ಲೇ ನಿಲ್ಲಿಸಿದರೇನೋ ಎಂದಳು. ಬಹಳ ಜನ ಬರಿಗಾಲಲ್ಲೇ ಆಡಿದ್ದರಂತೆ ಎಂದೆ. ಅಷ್ಟು ಮಾತ್ರ ನಿಜ ಹೇಳಿದೆ.

"ನಂಗ ಈಗ ತಿಳೀತು" ಎಂದಳು. "ನಾಕು ವರ್ಷ ಅಂವ ಯಾಕ ಊರ ಕಡಿ ಬಂದಿಲ್ಲಂತ. ಸೋತು ಬರಾಕ ನಾಚಿಗೊಂಡಾನ. ಹುಚ್ಚ ಖೋಡಿ! ಹತ್ತು ಅಲ್ಲ, ನೂರು ಹಾಕಿಸಿಕೊಂಡ್ರೂ ನನ್ನ ಮನಿ ಬಾಗಲಾ ಮುಚ್ಚತೈತೇನು? ಬಸ್ಯಾ, ನಂಗೊಂದು ಟಿಕೀಟು ತಗಿ. ನಾನೇ ಹೋಗಿ ಇಬ್ಬರನ್ನೂ ಕರಕೊಂಡು ಬರ್ತೀನಿ."

ಸೀರೆಯ ಗಂಟು ಕಟ್ಟಿದ್ದಾಳೆ. ಇವತ್ತು ಟಿಕೀಟು ಸಿಗಲಿಲ್ಲ ಎಂದು ಎಂಟು ದಿನದಿಂದ ಹೇಳುತ್ತಿದ್ದೇನೆ. ಠೇಶನ್ನಿನಲ್ಲಿ ಕೆಲಸ ಮಾಡುವವನಿಗೆ ಟಿಕೀಟು ಸಿಗುತ್ತಿಲ್ಲ. ನಾಂಪಲ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಇನ್ನೊಬ್ಬಳನ್ನು ನಿಲ್ಲಿಸಲಾರೆ.

ಇನ್ನು ಮುಂದೆ ಬೂಟು ಇಲ್ಲದೆ ಯಾರೂ ಆಡುವಂತಿಲ್ಲ ಎಂಬ ಮಾತು ನಡೆದಿದೆಯಂತೆ. ಓದಿ ಪೇಪರು ಮಡಚಿಟ್ಟೆ.

ಬಸವಂತ್ರಾಯ


ಮುದನಾಳ
೯ ಅಕ್ಟೋಬರ್ ೧೯೫೨

ಅಯ್ಯಮ್ಮನಿಗೆ,

ನಿನ್ನೆ ದೈವ ಕೂಡಿತು. ನಾನೇ ಕೂಡಿಸಿದೆ. ನಿನ್ನ ಅಣ್ಣನಿಗೂ ಸುರಪುರಕ್ಕೆ ಹೇಳಿ ಕಳಿಸಿದ್ದೆ, ಬಂದಿದ್ದ. ಮನೆಯಲ್ಲಿ ಅವ್ವನಿಗೆ ಮೊದಲು ಹೇಳಬೇಕೆಂದು ಎರಡು ತಿಂಗಳು ನೋಡಿದೆ. ಒಬ್ಬಳ ಎದುರು ಆಗದ್ದು ಎಲ್ಲರ ಎದುರು ಆಗಬಹುದೆಂದುಕೊಂಡೆ. ಇದೂ ಹೇಡಿತನವೇ ಎಂದು ನನಗೆ ಗೊತ್ತು.

ಎಲೆ ಮುಟ್ಟಿದೆ. ಅಂಬಣ್ಣ ನಲವತ್ತೆಂಟರ ಸೆಪ್ಟೆಂಬರಿನಲ್ಲೇ ಸತ್ತ, ಅಯ್ಯಮ್ಮನನ್ನು ಅವನು ಬಿಡಲಿಲ್ಲ, ಅವಳು ಕಾಯಬಾರದು ಎಂದು ಹೇಳಿಯೇ ಸತ್ತ, ಆ ಮಾತನ್ನು ನಾನು ಮುಚ್ಚಿಟ್ಟೆ, ಬಿಡುಗಡೆಯ ಕಾಗದ ನಾನು ಬರೆಸಿದ್ದು, ಈ ಎಲೆ ಮುಟ್ಟಿ ನಾನು ಸುಳ್ಳು ಹೇಳಿದ್ದೆ ಎಂದೆ. ಒಂದನ್ನೂ ಬಿಡಲಿಲ್ಲ.

ಅವ್ವ ಹೆಂಗಸರ ನಡುವೆ ಕುಳಿತಿದ್ದಳು. ಅಳುತ್ತಾಳೆಂದು ಲಾಲಮ್ಮ ಹಿಡಿದುಕೊಳ್ಳಲು ಹೋದಳು. ಅವ್ವ ಅವಳ ಕೈ ಸರಿಸಿ ನನ್ನನ್ನೇ ನೋಡಿದಳು.

"ಹಂಗಾರ ಅಲ್ಲಿ ಸೋತವರು ಯಾರ ಮಕ್ಕಳೋ?" ಎಂದಳು.

ನಾನು ಎಲೆಯ ಮೇಲಿಂದ ಕೈ ತೆಗೆದೆ.

"ನಾಕು ವರ್ಷ ಯಾರ್ಯಾರ ಮಕ್ಕಳಿಗೋ ಹರಕಿ ಹೊತ್ತೀನಿ. ನನ್ನ ಮಗಗ ಒಂದು ಹಿಡಿ ಮಣ್ಣು ಹಾಕಲಿಲ್ಲ."

ಹಿರಿಯರು ನಿನ್ನ ಮೇಲೆ ಯಾವ ಮಾತೂ ಇಲ್ಲವೆಂದು ಹೇಳಿದರು. ನಿನ್ನ ಅಣ್ಣ ತಲೆ ತಗ್ಗಿಸಿ ಕುಳಿತಿದ್ದ. ಎದ್ದು ಹೋಗುವಾಗ, ಅಯ್ಯಮ್ಮ ಬಂದರೆ ಬಾಗಿಲು ತೆರೆದಿದೆ ಎಂದು ಬರೆಯಲು ಹೇಳಿದ. ನಾನು ಇನ್ನು ಮುಂದೆ ಕಂಬಳಿಯ ಮೇಲೆ ಕೂಡುವಂತಿಲ್ಲ, ನನ್ನ ಮಾತಿಗೆ ಎಲೆ ಇಡುವುದಿಲ್ಲ ಎಂದು ತೀರ್ಮಾನವಾಯಿತು. ಸರಿಯಾಗಿದೆ.

ಅವ್ವ ನನ್ನ ಸಂಗಡ ಮಾತಾಡುತ್ತಿಲ್ಲ. ಲಾಲಮ್ಮನ ಕೈಯಿಂದ ಹೇಳಿಸುತ್ತಾಳೆ.

ಬಸವಂತ್ರಾಯ


ಮುದನಾಳ
೨೦ ಅಕ್ಟೋಬರ್ ೧೯೫೨

ಅಯ್ಯಮ್ಮಗ ನಿನ್ನ ಅತ್ತಿ ಮಲ್ಲಾಬಾಯಿ ಹೇಳಿ ಬರಸೂದು.

ನಾ ಹ್ಯಾಂಗ ಹೇಳ್ತೀನಿ ಹಂಗೇ ಬರಿ ಅಂತ ಹೇಳೀನಿ. ಒಂದು ಅಕ್ಷರ ಆಕಡಿ ಈಕಡಿ ಮಾಡಬ್ಯಾಡ ಅಂದೀನಿ.

ನೀ ಮಾರಿ ಸಣ್ಣದು ಮಾಡಿಕೊಂಡು ಕುಂತಾಗೆಲ್ಲಾ, ಗಂಡ ದೊಡ್ಡಾಂವ ಆಗ್ಯಾನ, ನಿಂಗೇನ್ ದಾಡಿ ಅಂತ ಬೈದೀನಿ. ಹಬ್ಬ ಬಂದ್ರ ಹಿಡಿದು ಕುಂದ್ರಿಸಿ ಹಸರ ಬಳಿ ಇಡಿಸೀನಿ. ನಂಗ ಗೊತ್ತಿದ್ದಿಲ್ಲ. ಗೊತ್ತಿಲ್ಲದ ಮಾಡಿದ್ರೂ ನಿನ್ನ ಕೈಗೆ ನೋವಾಗೈತಿ.

ಬಾ ಅಂತ ನಾ ಅನ್ನಂಗಿಲ್ಲ. ಬರಬ್ಯಾಡ ಅಂತಾನೂ ಅನ್ನಂಗಿಲ್ಲ. ಒಳ್ಳೇವ ಯಾರರೆ ಕೇಳಿದ್ರ, ನಿನ್ನ ಮನಸ್ಸಿಗೆ ಬಂದ್ರ, ಉಡಿಕಿ ಆಗು. ಈ ಮನ್ಯಾಗಿಂದ ಯಾರೂ ಕೇಳೂದಿಲ್ಲ. ಅಂವನೇ ಹೇಳಿ ಹೋಗ್ಯಾನ, ಮ್ಯಾಲ ನಾ ಯಾರು ಕೇಳಾಕ?

ನಾ ಐತವಾರ ಮುಂಜಾನಿ ಗಾಡಿಗೆ ಬರ್ತೀನಿ. ಲಾಲಮ್ಮ ಸಂಗಡ ಇರ್ತಾಳ. ನಂಗ ಆ ಜಾಗ ತೋರಸಬೇಕು. ನೀ ಗಿರಣಿಗೆ ಹೋಗೂದಿದ್ರ ಹೋಗು. ನನ್ನ ಮಾರಿ ನೋಡೂ ಮನಸ್ಸು ಇಲ್ಲದಿದ್ರ ಸಾಬಣ್ಣಗ ಹೇಳು. ದಾರಿ ತೋರಸೋರು ಒಬ್ಬರಿದ್ರ ಸಾಕು.

ಬಸವಂತ್ರಾಯ ಬರದು ಮುಗಿಸಿ ಓದಿ ತೋರಿಸಿದ. ಅಂವ ಓದಿದ್ದು ನಾ ನಂಬಲಿಲ್ಲ. ಠೇಶನ್ನಿಗೆ ಒಯ್ದು ಮಾಸ್ತರ ಕಡಿಂದ ಓದಿಸಿ ಕೇಳೀನಿ, ಈ ಕಡೀ ಮಾತು ಅವರ ಕೈಲೇ ಬರಸೀನಿ. ನಾ ಹೇಳಿದ್ದೇ ಐತಿ.

ಮಲ್ಲಾಬಾಯಿ, ಎಡಗೈ ಹೆಬ್ಬೆಟ್ಟು